ಓದುಗರ ಪ್ರಶ್ನೆಗಳಿಗೆ ಉತ್ತರ: ನವಾಹೊ ಉಣ್ಣೆಯ ನೆಲಹಾಸುಗಳು

ಅಮೆರಿಕದ ನೈಋತ್ಯ ಭಾಗದಲ್ಲಿರುವ ನವಾಹೊ ಜನರು ಕೈಯಲ್ಲಿ ನೇಯುವ ಉಣ್ಣೆಯ ನೆಲಹಾಸುಗಳ ಬಗ್ಗೆ ಬಂದಿರುವ ಪ್ರಶ್ನೆಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಅರಿಜೋನಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಗೋಡೆಗೆ ತೂಗುಹಾಕಿದ್ದ ನವಾಹೊ ನೆಲಹಾಸೊಂದನ್ನು ನೋಡಿದೆ. ಮುಟ್ಟಿದರೆ ಕಂಬಳಿಯಂತೆ ಒರಟು, ನೋಡಿದರೆ ಜಮಖಾನೆಯಂತೆ ಚಪ್ಪಟೆ. ಇದು ರತ್ನಗಂಬಳಿಯ ಜಾತಿಗೆ ಸೇರಿದ್ದೇ? ಇದರ ನೇಯ್ಗೆಯಲ್ಲಿರುವ ವಿಶೇಷವೇನು?

ಉತ್ತರ: ನೇಯ್ಗೆಯಲ್ಲಿ ರತ್ನಗಂಬಳಿಗೂ ಇದಕ್ಕೂ ಸಂಬಂಧವಿಲ್ಲ. ರತ್ನಗಂಬಳಿಯಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ, ಎಳೆಗಳಿಗೆ ಸಣ್ಣ ಸಣ್ಣ ಗಂಟುಗಳನ್ನು ಹಾಕಿ, ತುದಿಗಳನ್ನು ಕತ್ತರಿಸಿ, ಮೇಲ್ಮೈ ಮೆತ್ತಗಾಗುವಂತೆ ಮಾಡುತ್ತಾರೆ. ನವಾಹೊ ನೆಲಹಾಸಿನಲ್ಲಿ ಅಂಥ ಗಂಟುಗಳೇ ಇಲ್ಲ. ಇಲ್ಲಿ ಹೊಕ್ಕಿನ, ಅಂದರೆ ಅಡ್ಡಕ್ಕೆ ಹಾಯುವ, ಎಳೆಗಳನ್ನು ಎಷ್ಟು ಒತ್ತಾಗಿ ಬಡಿದು ಕೂರಿಸುತ್ತಾರೆಂದರೆ ಹಾಸಿನ ಎಳೆಗಳು ಪೂರ್ತಿಯಾಗಿ ಮುಚ್ಚಿಹೋಗುತ್ತವೆ; ಕಣ್ಣಿಗೆ ಕಾಣುವ ಬಣ್ಣ ಮತ್ತು ಚಿತ್ರವೆಲ್ಲ ಹೊಕ್ಕಿನದು. ಆದ್ದರಿಂದ ಸಾಮಾನ್ಯವಾಗಿ ಎರಡು ಬದಿಯಲ್ಲೂ ಚಿತ್ರ ಒಂದೇ ಬಗೆಯಾಗಿರುತ್ತದೆ. ಈ ಮಟ್ಟಿಗೆ ತಮ್ಮ ಹೋಲಿಕೆಯಲ್ಲಿ ಜಮಖಾನೆಯೇ ಹೆಚ್ಚು ಸರಿ.

ನಿಜವಾದ ವಿಶೇಷವಿರುವುದು ಮಗ್ಗದಲ್ಲಿ. ಅದು ನೆಟ್ಟಗೆ ನಿಲ್ಲಿಸಿದ ಮರದ ಚೌಕಟ್ಟು. ಅದಕ್ಕೆ ಕಾಲಿನಿಂದ ತುಳಿಯುವ ಪಟ್ಟಿಗಳಿಲ್ಲ, ಓಡಾಡುವ ಲಾಳಿಯಿಲ್ಲ. ನೇಯುವವಳು ಅದರ ಮುಂದೆ ಕುಳಿತು, ಕತ್ತಿಯ ಆಕಾರದ ಮರದ ಪಟ್ಟಿಯನ್ನು ಹಾಸಿನ ಎಳೆಗಳ ಸಂದಿನಲ್ಲಿ ತೂರಿಸಿ ತಿರುಗಿಸುತ್ತಾಳೆ, ತೆರೆದುಕೊಂಡ ಜಾಗದಲ್ಲಿ ಬಣ್ಣದ ಎಳೆಯನ್ನು ಬೆರಳಿನಿಂದ ಹಾಯಿಸುತ್ತಾಳೆ, ಮರದ ಹಣಿಗೆಯಿಂದ ಬಡಿದು ಕೆಳಗೆ ಕೂರಿಸುತ್ತಾಳೆ. ನಾವು ಸಾಮಾನ್ಯವಾಗಿ ಕಾಣುವ ಮಗ್ಗಗಳಲ್ಲಿ ಉದ್ದನೆಯ ಹಾಸನ್ನು ಸುತ್ತಿಟ್ಟು, ನೇಯ್ದು ಮುಗಿದ ಬಟ್ಟೆಯನ್ನು ಕತ್ತರಿಸಿ ತೆಗೆಯುವುದು ರೂಢಿ. ನವಾಹೊ ಮಗ್ಗದಲ್ಲಿ ಕತ್ತರಿಗೆ ಕೆಲಸವೇ ಇಲ್ಲ. ಒಂದೇ ಅಖಂಡ ಎಳೆಯನ್ನು ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳ ನಡುವೆ ಎಂಟರ ಅಂಕಿಯಂತೆ ಸುತ್ತಿ ಹಾಸನ್ನು ಸಿದ್ಧಪಡಿಸುತ್ತಾರೆ. ಎರಡು ತುದಿಗಳಲ್ಲೂ ಹುರಿಮಾಡಿದ ದಾರವನ್ನು ಹೆಣೆದು ಎಳೆಗಳ ನಡುವಿನ ಅಂತರವನ್ನು ಬಿಗಿಗೊಳಿಸುತ್ತಾರೆ. ಹೀಗಾಗಿ ನೆಲಹಾಸಿನ ಉದ್ದಗಲಗಳು ಮೊದಲ ದಿನವೇ ನಿಶ್ಚಯವಾಗಿಬಿಡುತ್ತವೆ. ಚಿತ್ರ ಸಾಲದಾದರೆ ಉದ್ದ ಮಾಡುವಂತಿಲ್ಲ, ಹೆಚ್ಚಾದರೆ ಮೊಟಕು ಮಾಡುವಂತಿಲ್ಲ. ಮೊದಲ ಸಾಲಿನಿಂದ ಕಡೆಯ ಸಾಲಿನವರೆಗಿನ ಲೆಕ್ಕವನ್ನು ಬಹುಪಾಲು ನೇಕಾರರು ಕಾಗದದ ಮೇಲೆ ಬರೆದುಕೊಳ್ಳದೆ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ.

ಕಡೆಯ ಕೆಲವು ಅಂಗುಲಗಳ ನೇಯ್ಗೆ ಎಲ್ಲಕ್ಕಿಂತ ಕಷ್ಟದ್ದು. ನೇಯ್ದ ಭಾಗ ಮೇಲಿನ ಅಡ್ಡಪಟ್ಟಿಯನ್ನು ಸಮೀಪಿಸಿದಂತೆ ಎಳೆಗಳ ಸಂದು ಕಿರಿದಾಗುತ್ತಾ ಹೋಗುತ್ತದೆ. ದೊಡ್ಡ ಪಟ್ಟಿ ತೂರದಾದಾಗ ಸಣ್ಣದನ್ನು, ಅದೂ ತೂರದಾದಾಗ ತೆಳ್ಳನೆಯ ಕಡ್ಡಿಯನ್ನು, ಕೊನೆಗೆ ಸೂಜಿಯನ್ನು ಬಳಸಿ ಒಂದೊಂದೇ ಎಳೆಯನ್ನು ಸೇರಿಸಬೇಕಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಮಗ್ಗದಿಂದ ಇಳಿಯುವ ನೆಲಹಾಸಿಗೆ ನಾಲ್ಕೂ ಕಡೆ ಮುಗಿದ ಅಂಚಿರುತ್ತದೆ. ಮಗಳ ಮನೆಗೆ ಮತ್ತೆ ಹೋದಾಗ ಚಿತ್ರವನ್ನು ನೋಡುವ ಮೊದಲು ಆ ಅಂಚುಗಳನ್ನು ನೋಡಬೇಕೆಂದು ವಿನಂತಿ.

ಪ್ರಶ್ನೆ: ಜೇಡದ ರೂಪದ ದೇವತೆಯೊಬ್ಬಳು ನವಾಹೊಗಳಿಗೆ ನೇಯ್ಗೆ ಕಲಿಸಿದಳೆಂದು ಒಂದೆಡೆ ಓದಿದೆ, ನೆರೆಯ ಪ್ವೆಬ್ಲೊ ಜನರಿಂದ ಕಲಿತರೆಂದು ಇನ್ನೊಂದೆಡೆ ಇತ್ತು. ಯಾವುದು ಸರಿ? ಈ ಕಲೆ ಬೆಳೆದು ಬಂದ ಇತಿಹಾಸವನ್ನು ತಿಳಿಸಿ.

ಉತ್ತರ: ಎರಡೂ ಮಾತುಗಳಿಗೆ ಅವುಗಳದೇ ಸ್ಥಾನವಿದೆ. ತಮ್ಮನ್ನು ತಾವು ದಿನೇ, ಅಂದರೆ ಜನ, ಎಂದು ಕರೆದುಕೊಳ್ಳುವ ನವಾಹೊಗಳ ನಂಬಿಕೆಯಂತೆ ಮಗ್ಗವನ್ನು ಕಟ್ಟುವ ಬಗೆಯನ್ನು ಜೇಡ ಪುರುಷನೂ ನೇಯುವ ಬಗೆಯನ್ನು ಜೇಡ ಸ್ತ್ರೀಯೂ ಹೇಳಿಕೊಟ್ಟರು. ಆ ಮೊದಲ ಮಗ್ಗದ ಅಡ್ಡಪಟ್ಟಿಗಳು ಆಕಾಶ ಮತ್ತು ಭೂಮಿ. ಅರಿಜೋನಾದ ಕ್ಯಾನ್ಯನ್ ಡಿ ಶೇ ಕಣಿವೆಯ ತಳದಿಂದ 700 ಅಡಿಗೂ ಮಿಕ್ಕಿ ಎದ್ದು ನಿಂತಿರುವ ಕೆಂಪು ಕಲ್ಲಿನ ಕಂಬವೇ ಆಕೆಯ ನಿವಾಸ. ಮಗ್ಗವನ್ನೂ ಹಣಿಗೆಯನ್ನೂ ಗೌರವದಿಂದ ಕಾಣುವ, ನೇಯುವಾಗ ಮನಸ್ಸು ಸಮಾಧಾನದಲ್ಲಿರಬೇಕೆನ್ನುವ ನೇಕಾರರಿಗೆ ಈ ಕಥೆ ಕೇವಲ ಹಳೆಯ ಕಥೆಯಲ್ಲ.

ಇತಿಹಾಸಕಾರರ ದೃಷ್ಟಿಯಲ್ಲಿ ನೇಯ್ಗೆ ಪ್ವೆಬ್ಲೊಗಳಿಂದ ಬಂದಿತು. ಸ್ಪೇನಿನವರ ಆಳ್ವಿಕೆಯ ವಿರುದ್ಧ 1680ರಲ್ಲಿ ಬಂಡೆದ್ದ ಪ್ವೆಬ್ಲೊ ಜನರು, ಸ್ಪೇನಿನವರು 1690ರ ದಶಕದಲ್ಲಿ ಮರಳಿ ಬಂದಾಗ ಅನೇಕ ಕಡೆ ನವಾಹೊಗಳ ನಡುವೆ ಆಶ್ರಯ ಪಡೆದರು. ನೆಟ್ಟಗಿನ ಮಗ್ಗ ಮೂಲತಃ ಪ್ವೆಬ್ಲೊಗಳದು. ಆದರೆ ಅಲ್ಲಿ ನೇಯುತ್ತಿದ್ದವರು ಮುಖ್ಯವಾಗಿ ಗಂಡಸರು. ನವಾಹೊಗಳಲ್ಲಿ ಅದು ಹೆಚ್ಚಾಗಿ ಹೆಂಗಸರ ಕೈಗೆ ಬಂದಿತು. ಉಣ್ಣೆಯನ್ನು ಕೊಟ್ಟದ್ದು ಸ್ಪೇನಿನವರು ತಂದ ಚುರ್ರೊ ತಳಿಯ ಕುರಿ. ಅದರ ಉಣ್ಣೆಯ ಎಳೆ ಉದ್ದ, ಜಿಡ್ಡು ಕಡಿಮೆ. ನೀರು ದುರ್ಲಭವಾದ ಆ ಬಯಲಿನಲ್ಲಿ ಹೆಚ್ಚು ತೊಳೆಯದೆ ನೂಲಲು ಬರುವ ಉಣ್ಣೆ ಎಷ್ಟು ದೊಡ್ಡ ಅನುಕೂಲವೆಂಬುದನ್ನು ಊಹಿಸಬಹುದು.

ಆ ಕಾಲದಲ್ಲಿ ಅವರು ನೇಯುತ್ತಿದ್ದದ್ದು ನೆಲಹಾಸಲ್ಲ, ಹೊದೆಯುವ ಕಂಬಳಿ. ನೀಲಿ, ಕಂದು, ಬಿಳಿ ಪಟ್ಟೆಗಳ ಸರಳ ಕಂಬಳಿಗಳನ್ನು ಉತ್ತರದ ಬಯಲುಗಳ ಬುಡಕಟ್ಟುಗಳವರೂ ಯೂಟ್ ಜನರೂ ದುಬಾರಿ ವಿನಿಮಯ ಕೊಟ್ಟು ಕೊಳ್ಳುತ್ತಿದ್ದರು. ಅವುಗಳಿಗೆ ನಾಯಕರ ಕಂಬಳಿ ಎಂಬ ಹೆಸರು ಬಂದದ್ದು ಕೊಳ್ಳುವವರ ಅಂತಸ್ತಿನಿಂದ. ನವಾಹೊಗಳಲ್ಲಿ ಅಂಥ ನಾಯಕಪದವಿಯೇ ಇರಲಿಲ್ಲ. ನೀಲಿ ಬಣ್ಣ ವ್ಯಾಪಾರದಿಂದ ಬಂದ ಇಂಡಿಗೊ ಎಂಬ ಗಿಡದ ಬಣ್ಣದಿಂದ ಸಿಗುತ್ತಿತ್ತು. ಗಾಢ ಕೆಂಪು ಬೇಕೆಂದಾಗ, ಹೊರಗಿನಿಂದ ಬಂದ ಕೆಂಪು ಬಟ್ಟೆಯನ್ನು ಎಳೆ ಎಳೆಯಾಗಿ ಬಿಚ್ಚಿ, ಆ ನೂಲನ್ನೇ ತಮ್ಮ ಕಂಬಳಿಗೆ ಹೊಕ್ಕಾಗಿ ಬಳಸುತ್ತಿದ್ದರು.

1863ರಿಂದ 1868ರವರೆಗಿನ ವರ್ಷಗಳನ್ನು ಬಿಟ್ಟು ಈ ಕಲೆಯ ಬಗ್ಗೆ ಮಾತನಾಡುವುದು ಸಾಧ್ಯವಿಲ್ಲ. ಅಮೆರಿಕದ ಸೈನ್ಯ ಕಿಟ್ ಕಾರ್ಸನ್‌ನ ನೇತೃತ್ವದಲ್ಲಿ ನವಾಹೊಗಳ ಜೋಳದ ಹೊಲಗಳನ್ನು ಸುಟ್ಟಿತು, ಕುರಿಗಳನ್ನು ಕೊಂದಿತು, ಕ್ಯಾನ್ಯನ್ ಡಿ ಶೇಯ ಪೀಚ್ ತೋಪುಗಳನ್ನು ಕಡಿದುರುಳಿಸಿತು. ಹಸಿವಿನಿಂದ ಶರಣಾದವರನ್ನು 300ಕ್ಕೂ ಹೆಚ್ಚು ಮೈಲಿ ನಡೆಸಿ ನ್ಯೂ ಮೆಕ್ಸಿಕೊದ ಬಾಸ್ಕೆ ರೆಡಾಂಡೊ ಎಂಬಲ್ಲಿ ಕೂಡಿಹಾಕಲಾಯಿತು. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 1868ರ ಜೂನ್ 1ರ ಒಪ್ಪಂದದಂತೆ ಊರಿಗೆ ಮರಳುವಾಗ ಇಡೀ ಜನಾಂಗಕ್ಕೆ 15,000 ಕುರಿ ಮತ್ತು ಮೇಕೆಗಳನ್ನು ಕೊಡುವ ಮಾತಾಗಿತ್ತು. ಇಂದಿನ ನೇಯ್ಗೆ ಆ ಮಂದೆಯಿಂದ ಮತ್ತೆ ಮೊದಲಾದದ್ದು.

1880ರ ದಶಕದ ಆರಂಭದಲ್ಲಿ ರೈಲು ಬಂದ ಮೇಲೆ ಗಿರಣಿಯ ನೂಲು ಮತ್ತು ರಾಸಾಯನಿಕ ಬಣ್ಣಗಳು ಬಂದವು. ಪೆನ್ಸಿಲ್ವೇನಿಯದ ಜರ್ಮನ್‌ಟೌನ್‌ನ ಹೆಸರಿನಿಂದಲೇ ಪ್ರಸಿದ್ಧವಾದ ನೂಲಿನಲ್ಲಿ ಕಣ್ಣು ಕೋರೈಸುವ ಗರಗಸದ ಹಲ್ಲಿನಂಥ ಚಿತ್ರಗಳನ್ನು ನೇಯ್ದರು. ಕಾರ್ಖಾನೆಯ ಅಗ್ಗದ ಕಂಬಳಿಗಳು ಸಿಗತೊಡಗಿದಾಗ ನವಾಹೊಗಳೇ ಅವನ್ನು ಹೊದೆಯಲಾರಂಭಿಸಿದರು. ಆಗ ವ್ಯಾಪಾರಿಗಳು ಪೂರ್ವದ ನಗರಗಳ ಮನೆಗಳಿಗೆ ಹೊಂದುವ ದಪ್ಪನೆಯ ನೆಲಹಾಸುಗಳನ್ನು ಕೇಳಿದರು. ಹೊದಿಕೆ ನೆಲಕ್ಕಿಳಿದದ್ದು ಹೀಗೆ. ಕೆಲವು ವ್ಯಾಪಾರಿಗಳು ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಆ ದಿನಗಳಲ್ಲಿ ಉಣ್ಣೆಯ ಜಿಡ್ಡು ಮತ್ತು ಮಣ್ಣನ್ನು ತೆಗೆಯದೆಯೇ ನೇಯ್ದ ಕಳಪೆ ಹಾಸುಗಳೂ ಬಂದವು. ಅದಕ್ಕೆ ನೇಕಾರರನ್ನು ದೂಷಿಸುವುದು ನ್ಯಾಯವಲ್ಲ. ತೂಕಕ್ಕೆ ಬೆಲೆ ಕಟ್ಟಿದವನಿಗೆ ತೂಕವೇ ಸಿಗುತ್ತದೆ.

ಎರಡನೆಯ ದೊಡ್ಡ ಪೆಟ್ಟು ಬಿದ್ದದ್ದು 1930ರ ದಶಕದಲ್ಲಿ. ಮೇವಿನ ನೆಲ ಸವೆಯುತ್ತಿದೆ ಎಂಬ ಕಾರಣ ನೀಡಿ ಒಕ್ಕೂಟ ಸರ್ಕಾರ ಲಕ್ಷಾಂತರ ಕುರಿ ಮೇಕೆಗಳನ್ನು ಇಲ್ಲವಾಗಿಸಿತು. 1970ರ ದಶಕದ ಹೊತ್ತಿಗೆ ಹಳೆಯ ಚುರ್ರೊ ತಳಿ ಕೆಲವು ನೂರರ ಸಂಖ್ಯೆಗೆ ಇಳಿದಿತ್ತು. 1977ರಲ್ಲಿ ಪಶುವಿಜ್ಞಾನಿ ಲೈಲ್ ಮೆಕ್‌ನೀಲ್ ಆರಂಭಿಸಿದ ನವಾಹೊ ಕುರಿ ಯೋಜನೆಯಿಂದ ಅದು ಮತ್ತೆ ಚೇತರಿಸಿಕೊಂಡಿದೆ.

ಪ್ರಶ್ನೆ: ಹಳೆಯ ನವಾಹೊ ನೆಲಹಾಸಿನ ಚಿತ್ರವೊಂದರಲ್ಲಿ ನಮ್ಮ ಸ್ವಸ್ತಿಕವನ್ನೇ ಕಂಡು ಆಶ್ಚರ್ಯವಾಯಿತು. ಅದು ಇಲ್ಲಿಂದ ಹೋದದ್ದೇ?

ಉತ್ತರ: ಇಲ್ಲಿಂದ ಹೋದದ್ದಲ್ಲ. ನವಾಹೊಗಳಲ್ಲಿ ಆ ಆಕೃತಿಗೆ ಸುಳಿಯಲ್ಲಿ ತಿರುಗುವ ಮರದ ದಿಮ್ಮಿಗಳು ಎಂಬ ಅರ್ಥವಿದೆ. ಪೊಳ್ಳುಮರದ ಕಾಂಡದೊಳಗೆ ಕುಳಿತು ನದಿಯಲ್ಲಿ ತೇಲಿಹೋದ ಕಥಾನಾಯಕನೊಬ್ಬನು, ಅಡ್ಡಡ್ಡವಾಗಿ ಸೇರಿಕೊಂಡು ನೀರಿನಲ್ಲಿ ತಿರುಗುತ್ತಿದ್ದ ಎರಡು ದಿಮ್ಮಿಗಳನ್ನೂ ಅವುಗಳ ತುದಿಗಳ ಮೇಲೆ ಕುಳಿತ ದೈವಗಳನ್ನೂ ಕಂಡು, ಅವರಿಂದ ರೋಗಪರಿಹಾರದ ವಿದ್ಯೆಯನ್ನು ಕಲಿತು ತನ್ನ ಜನರಿಗೆ ತಂದನೆಂಬುದು ಕಥೆ. ಚಿಕಿತ್ಸಾ ವಿಧಿಗಳಲ್ಲಿ ಬಣ್ಣದ ಮರಳಿನಿಂದ ಬರೆಯುವ ಚಿತ್ರಗಳಲ್ಲಿ ಈ ಆಕೃತಿ ಬರುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಇದು ಅದೃಷ್ಟದ ಗುರುತಾಗಿ ಜನಪ್ರಿಯವಾಗಿದ್ದುದರಿಂದ ವ್ಯಾಪಾರಿಗಳೂ ನೆಲಹಾಸುಗಳಲ್ಲಿ ಇದನ್ನು ಬಯಸಿದರು.

ಜರ್ಮನಿಯ ನಾಜಿಗಳು ಇದೇ ಬಗೆಯ ಆಕೃತಿಯನ್ನು ತಮ್ಮ ಧ್ವಜಕ್ಕೆ ಏರಿಸಿದ ಮೇಲೆ, 1940ರಲ್ಲಿ ನವಾಹೊ, ಹೋಪಿ, ಅಪಾಚೆ ಮತ್ತು ಪಾಪಗೊ ಜನರ ಪ್ರತಿನಿಧಿಗಳು ಅರಿಜೋನಾದಲ್ಲಿ ಸೇರಿ, ಇನ್ನು ಮುಂದೆ ಕಂಬಳಿ, ಬುಟ್ಟಿ ಮುಂತಾದ ತಮ್ಮ ಕಸುಬಿನ ವಸ್ತುಗಳಲ್ಲಿ ಈ ಗುರುತನ್ನು ಬಳಸುವುದಿಲ್ಲವೆಂಬ ಘೋಷಣೆಗೆ ಸಹಿ ಹಾಕಿದರು. ತಾವು ಕಂಡ ಹಾಸು ಬಹುಶಃ ಅದಕ್ಕಿಂತ ಹಿಂದಿನದು. ಯಾರೋ ದೂರದವರು ಮಾಡಿದ ಪಾಪಕ್ಕಾಗಿ ತಮ್ಮ ಪವಿತ್ರ ಚಿಹ್ನೆಯೊಂದನ್ನು ಮಗ್ಗದಿಂದ ಇಳಿಸಬೇಕಾಗಿ ಬಂದ ಅವರ ನೋವು ಸ್ವಸ್ತಿಕವನ್ನು ಶುಭವೆಂದು ಬರೆಯುವ ನಮಗೆ ಬೇಗ ಅರ್ಥವಾಗಬೇಕು.

ಪ್ರಶ್ನೆ: ಈ ಚಿತ್ರಗಳಲ್ಲಿ ತ್ರಿಕೋನವೆಂದರೆ ಬೆಟ್ಟ, ಅಂಕುಡೊಂಕು ಗೆರೆಯೆಂದರೆ ಮಿಂಚು ಎಂಬಂತೆ ಗುಪ್ತಾರ್ಥಗಳಿವೆ ಎನ್ನುತ್ತಾರೆ. ನಿಜವೇ? ಅಂಚುಪಟ್ಟಿಯನ್ನು ಸೀಳಿಕೊಂಡು ಹೊರಗೆ ಬರುವ ಸಣ್ಣ ಗೆರೆ ನೇಯ್ಗೆಯ ತಪ್ಪೇ?

ಉತ್ತರ: ಬಹುಪಾಲು ಚಿತ್ರಗಳಿಗೆ ಹಾಗೆ ನಿಘಂಟಿನಂತೆ ಒಂದಕ್ಕೊಂದು ಅರ್ಥ ಹೊಂದಿಸುವುದು ಸರಿಯಲ್ಲ. ಅಂಥ ವಿವರಣೆಗಳಲ್ಲಿ ಹಲವು, ಮಾರಾಟಕ್ಕೆ ಸಹಾಯವಾಗಲೆಂದು ವ್ಯಾಪಾರಿಗಳು ಕಟ್ಟಿದವು. ಹೆಸರಾಂತ ಶೈಲಿಗಳಲ್ಲಿ ಹೆಚ್ಚಿನವು ಆಯಾ ಪ್ರದೇಶದ ವ್ಯಾಪಾರದ ಅಂಗಡಿಯ ಸುತ್ತ ಬೆಳೆದವು. ಜಾನ್ ಲೊರೆಂಜೊ ಹಬ್ಬೆಲ್ ಎಂಬ ವ್ಯಾಪಾರಿ 1878ರಲ್ಲಿ ಕೊಂಡ, ಅರಿಜೋನಾದ ಗನಾಡೊ ಊರಿನ ಅಂಗಡಿಯ ಸುತ್ತ ಕಡುಗೆಂಪು ಹಿನ್ನೆಲೆಯ ಶೈಲಿ ಬೆಳೆಯಿತು. ತನಗೆ ಇಷ್ಟವಾದ ವಿನ್ಯಾಸಗಳ ಸಣ್ಣ ವರ್ಣಚಿತ್ರಗಳನ್ನು ಬರೆಸಿ ಆತ ಗೋಡೆಗೆ ಹಾಕಿಸಿದ್ದನು, ಅವು ಇಂದಿಗೂ ಅಲ್ಲಿವೆ. ನ್ಯೂ ಮೆಕ್ಸಿಕೊದ ಕ್ರಿಸ್ಟಲ್ ಎಂಬ ಊರಿನ ಜೆ. ಬಿ. ಮೂರ್ ಎಂಬ ವ್ಯಾಪಾರಿ 1903 ಮತ್ತು 1911ರಲ್ಲಿ ಅಂಚೆಯ ಮೂಲಕ ಮಾರಲು ಚಿತ್ರಪಟ್ಟಿಗಳನ್ನು ಅಚ್ಚುಹಾಕಿಸಿದನು. ಅವುಗಳಲ್ಲಿ ಪೌರಸ್ತ್ಯ ರತ್ನಗಂಬಳಿಗಳ ಪ್ರಭಾವ ಸ್ಪಷ್ಟವಾಗಿದೆ. ಅರಿಜೋನಾದ ವೈಡ್ ರೂಯಿನ್ಸ್ ಎಂಬ ಊರಿನ ಶೈಲಿಯಲ್ಲಿ ಅಂಚುಪಟ್ಟಿಯಿಲ್ಲದ, ಗಿಡಮೂಲಿಕೆಯ ತಿಳಿಬಣ್ಣಗಳ ಅಡ್ಡಪಟ್ಟೆಗಳ ಹಾಸುಗಳಿವೆ.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ನ್ಯೂ ಮೆಕ್ಸಿಕೊದ ಟೂ ಗ್ರೇ ಹಿಲ್ಸ್ ಶೈಲಿ. ಅಲ್ಲಿ ಬಣ್ಣ ಅದ್ದುವುದು ಬಹಳ ಕಡಿಮೆ. ಕುರಿಯ ಮೈಮೇಲಿರುವ ಬಿಳಿ, ಕಂದು, ಕಪ್ಪು ಉಣ್ಣೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಹಿಂಜಿ, ಬೂದು ಮತ್ತು ಕಂದಿನ ಹತ್ತಾರು ಛಾಯೆಗಳನ್ನು ಪಡೆಯುತ್ತಾರೆ. ಕಪ್ಪನ್ನು ಮಾತ್ರ ಕೆಲವೊಮ್ಮೆ ಬಣ್ಣದಿಂದ ಗಾಢಗೊಳಿಸುತ್ತಾರೆ. ಸಾಧಾರಣ ಒಳ್ಳೆಯ ನೆಲಹಾಸಿನಲ್ಲಿ ಅಂಗುಲವೊಂದಕ್ಕೆ 30ರಿಂದ 50 ಹೊಕ್ಕಿನ ಎಳೆಗಳಿದ್ದರೆ, ಈ ಶೈಲಿಯ ಶ್ರೇಷ್ಠ ನೇಕಾರರು 80ನ್ನೂ ದಾಟುತ್ತಾರೆ. ಡೇಸಿ ಟಾಗಲ್ಚೀ ಅವರ ಕೆಲವು ಕೃತಿಗಳಲ್ಲಿ ಅದು ನೂರನ್ನು ಮೀರಿದೆ. ಅಂಥದ್ದನ್ನು ನೆಲಕ್ಕೆ ಹಾಸುವ ಮನಸ್ಸು ಯಾರಿಗೂ ಬರಲಾರದು.

ಅರ್ಥವಿರುವ ಚಿತ್ರಗಳೇ ಇಲ್ಲವೆಂದು ಇದರಿಂದ ತಿಳಿಯಬಾರದು. ಯೇಯ್ ಎಂಬ ದೈವಗಳ ಉದ್ದನೆಯ ಆಕೃತಿಗಳುಳ್ಳ ಹಾಸುಗಳೂ, ಮರಳುಚಿತ್ರಗಳನ್ನು ಆಧರಿಸಿದ ಹಾಸುಗಳೂ ಇವೆ. ಮರಳುಚಿತ್ರವನ್ನು ವಿಧಿ ಮುಗಿದೊಡನೆ ಅಳಿಸಲೇಬೇಕು. ಅದನ್ನು ಶಾಶ್ವತವಾಗಿ ನೇಯುವುದು ಅಪಾಯಕರವೆಂದು ಅನೇಕರು ಭಾವಿಸಿದ್ದರು. 1919ರ ಸುಮಾರಿಗೆ ಅದಕ್ಕೆ ಧೈರ್ಯ ಮಾಡಿದವರಲ್ಲಿ ಪ್ರಮುಖರು ಹಾಸ್ಟೀನ್ ಕ್ಲಾ. ಅವರು ನೇಕಾರರೂ ಹೌದು, ವಿಧಿಗಳನ್ನು ನಡೆಸಿಕೊಡುವ ವೈದ್ಯರೂ ಹೌದು. ತಮ್ಮ ಜ್ಞಾನ ತಮ್ಮೊಂದಿಗೇ ಅಳಿಯಬಾರದೆಂದು ಬಯಸಿದ ಅವರ ಸಹಕಾರದಿಂದ ಸ್ಥಾಪಿತವಾದ ವಸ್ತುಸಂಗ್ರಹಾಲಯ ಇಂದು ಸಾಂಟಾ ಫೆಯಲ್ಲಿ ವೀಲ್‌ರೈಟ್ ಮ್ಯೂಸಿಯಂ ಎಂಬ ಹೆಸರಿನಲ್ಲಿದೆ.

ಅಂಚುಪಟ್ಟಿಯನ್ನು ದಾಟಿ ಬರುವ ಗೆರೆ ತಪ್ಪಲ್ಲ, ಬೇಕೆಂದೇ ಇಟ್ಟದ್ದು. ಸುತ್ತಲೂ ಮುಚ್ಚಿದ ಪಟ್ಟಿಯೊಳಗೆ ತನ್ನ ಆಲೋಚನೆ ಮತ್ತು ಚೈತನ್ಯ ಸಿಕ್ಕಿಹಾಕಿಕೊಳ್ಳದೆ ಮುಂದಿನ ನೇಯ್ಗೆಗೆ ಹರಿದು ಬರಲೆಂದು ನೇಯುವವಳು ಬಿಟ್ಟುಕೊಳ್ಳುವ ದಾರಿ ಅದು. ಎಲ್ಲ ಹಾಸುಗಳಲ್ಲೂ ಅದು ಇರುವುದಿಲ್ಲ.

ಪ್ರಶ್ನೆ: ನವಾಹೊ ವಿನ್ಯಾಸದ ಹಾಸುಗಳು ಅಂತರಜಾಲದಲ್ಲಿ ಬಹಳ ಅಗ್ಗಕ್ಕೂ ಸಿಗುತ್ತವೆ, ಊಹಿಸಲಾಗದಷ್ಟು ದುಬಾರಿಯಾಗಿಯೂ ಇವೆ. ಅಸಲಿಯನ್ನು ಗುರುತಿಸುವುದು ಹೇಗೆ? ಅಷ್ಟು ಬೆಲೆ ನ್ಯಾಯವೇ?

ಉತ್ತರ: ಚಿತ್ರವನ್ನು ನೋಡಿ ಗುರುತಿಸಲಾಗದು. ಚಿತ್ರವನ್ನು ಯಾರು ಬೇಕಾದರೂ ನಕಲು ಮಾಡಬಲ್ಲರು, ಮಾಡಿದ್ದಾರೆ. ಮೆಕ್ಸಿಕೊದ ಒಹಾಕಾ ಪ್ರಾಂತದ ಜಪೊಟೆಕ್ ನೇಕಾರರು ಕಾಲಿನಿಂದ ತುಳಿಯುವ ಮಗ್ಗಗಳಲ್ಲಿ ನವಾಹೊ ವಿನ್ಯಾಸಗಳನ್ನು ನೇಯುತ್ತಾರೆ. ಭಾರತದಿಂದಲೂ ಅಂಥ ಹಾಸುಗಳು ಹೋಗುತ್ತವೆ. ಅವರ ನೇಯ್ಗೆ ಕೀಳೆಂದು ಹೇಳುತ್ತಿಲ್ಲ. ಒಬ್ಬರ ಕೆಲಸವನ್ನು ಇನ್ನೊಬ್ಬರ ಹೆಸರಿನಲ್ಲಿ ಮಾರುವುದಷ್ಟೇ ಮೋಸ.

ಗುರುತಿಸುವುದಕ್ಕೆ ಮೊದಲ ಉತ್ತರದಲ್ಲಿ ಹೇಳಿದ ಅಂಚುಗಳೇ ಆಧಾರ. ತುಳಿಮಗ್ಗದಿಂದ ಕತ್ತರಿಸಿ ತೆಗೆದ ನೆಲಹಾಸಿನ ಎರಡು ತುದಿಗಳಲ್ಲಿ ಹಾಸಿನ ಎಳೆಗಳು ಕುಚ್ಚಾಗಿ ಇಳಿಬಿದ್ದಿರುತ್ತವೆ, ಇಲ್ಲವೇ ಅವನ್ನು ಸೂಜಿಯಿಂದ ಒಳಕ್ಕೆ ತಳ್ಳಿ ಅಡಗಿಸಿರುತ್ತಾರೆ. ಬೆರಳಾಡಿಸಿದರೆ ಆ ಭಾಗ ದಪ್ಪಗಿರುವುದು ತಿಳಿಯುತ್ತದೆ. ಅದರ ಪಕ್ಕದ ಅಂಚಿನಲ್ಲಿ ಎರಡು ಮೂರು ಹಾಸಿನ ಎಳೆಗಳನ್ನು ಒಟ್ಟಿಗೆ ಸೇರಿಸಿರುವುದರಿಂದ ಅಲ್ಲಿ ಉಬ್ಬು ಗೆರೆಗಳಿರುತ್ತವೆ. ನವಾಹೊ ಹಾಸಿನಲ್ಲಿ ಎಳೆ ತುದಿಯಲ್ಲಿ ತಿರುಗಿ ಹಿಂದಕ್ಕೆ ಬರುತ್ತದೆ, ಅಂಚಿಗುಂಟ ಹುರಿದಾರ ಸಾಗುತ್ತದೆ, ಸಾಮಾನ್ಯವಾಗಿ ನಾಲ್ಕು ಮೂಲೆಗಳಲ್ಲೂ ಸಣ್ಣ ಕುಚ್ಚುಗಳಿರುತ್ತವೆ. ಇನ್ನೊಂದು ಗುರುತೂ ಇದೆ. ಅಗಲವಾದ ಹಾಸನ್ನು ನೇಯುವವಳು ಕೈಗೆಟಕುವಷ್ಟು ಭಾಗವನ್ನು ಕೆಲವು ಅಂಗುಲ ಎತ್ತರಕ್ಕೆ ನೇಯ್ದು, ಆಮೇಲೆ ಪಕ್ಕಕ್ಕೆ ಸರಿದು ಉಳಿದದ್ದನ್ನು ಸೇರಿಸುತ್ತಾಳೆ. ಹೀಗೆ ಸೇರಿದ ಕಡೆ ಓರೆಯಾದ ನವಿರು ಗೆರೆ ಉಳಿಯುತ್ತದೆ. ಒಂದೇ ಬಣ್ಣದ ಜಾಗವನ್ನು ಬೆಳಕಿಗೆ ಹಿಡಿದರೆ ಅದು ಕಾಣುತ್ತದೆ. ಅದು ಇಲ್ಲದ ಅಸಲಿ ಹಾಸುಗಳೂ ಉಂಟು, ಆದರೆ ಇದ್ದರೆ ಒಳ್ಳೆಯ ಸಾಕ್ಷ್ಯ. ಹತ್ತಿಯ ಹಾಸಿನ ಎಳೆಗಳೂ ಒಂದು ಬದಿಯಲ್ಲಿ ಕುಚ್ಚೂ ಇರುವ, ಗ್ಯಾಲಪ್ ಪಟ್ಟಣದ ಹೆಸರಿನಿಂದ ಕರೆಯುವ ಸಣ್ಣ ನೆಲಹಾಸುಗಳು ಮಾತ್ರ ಈ ನಿಯಮಕ್ಕೆ ಅಪವಾದ, ಅವು ನವಾಹೊಗಳವೇ.

ಕಾನೂನಿನ ರಕ್ಷಣೆಯೂ ಇದೆ. ಅಮೆರಿಕದಲ್ಲಿ 1990ರ ಕಾಯಿದೆಯಂತೆ, ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರು ಮಾಡಿದ್ದೆಂದು ಹೇಳಿ ಮಾರುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದ ವ್ಯಕ್ತಿಗೆ ಗರಿಷ್ಠ 2,50,000 ಡಾಲರ್ ದಂಡ, ಐದು ವರ್ಷಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಮಾರುವವರು ನವಾಹೊ ಶೈಲಿ, ನವಾಹೊ ವಿನ್ಯಾಸ ಎಂದು ಬರೆದಿದ್ದರೆ ಅದನ್ನು ಗಮನಿಸಬೇಕು. ನೇಯ್ದವರ ಹೆಸರು, ಊರು, ಸಾಧ್ಯವಾದರೆ ಹಾಸಿನೊಂದಿಗೆ ಅವರ ಭಾವಚಿತ್ರ ಇದ್ದರೆ ಧೈರ್ಯವಾಗಿ ಮುಂದುವರಿಯಬಹುದು.

ಬೆಲೆಯ ಮಾತಿಗೆ ಬಂದರೆ, 1970ರ ದಶಕದಲ್ಲಿ ನವಾಹೊ ಸಮುದಾಯದ ಕಾಲೇಜು ಮಾಡಿದ ಲೆಕ್ಕವೊಂದಿದೆ. ಉತ್ತಮ ದರ್ಜೆಯ ಒಂದು ನೆಲಹಾಸಿಗೆ, ಉಣ್ಣೆ ಕತ್ತರಿಸಿ ಹದಮಾಡಲು 45 ಗಂಟೆ, ನೂಲಲು 24, ಬಣ್ಣ ತಯಾರಿಸಿ ಅದ್ದಲು 60, ನೇಯಲು 215, ಮಾರಲು 1, ಒಟ್ಟು 345 ಗಂಟೆ. ಅಮೆರಿಕದ ಒಕ್ಕೂಟ ಸರ್ಕಾರ 2009ರಲ್ಲಿ ನಿಗದಿಪಡಿಸಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಆ ದರದಲ್ಲೇ ಗುಣಿಸಿದರೂ ಕೂಲಿಯೊಂದೇ 2,500 ಡಾಲರ್ ಆಗುತ್ತದೆ. ಪರಿಣತಿಗೆ ಇನ್ನೂ ಕಾಸು ಸೇರಿಸಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಾಯಕರ ಕಂಬಳಿಯೊಂದು 18 ಲಕ್ಷ ಡಾಲರಿಗೆ ಮಾರಾಟವಾಯಿತೆಂಬುದು ನಿಜವಾದರೂ, ಆ ಹಣದಲ್ಲಿ ಅದನ್ನು ನೇಯ್ದವಳ ವಂಶಕ್ಕೆ ಏನೂ ಸೇರುವುದಿಲ್ಲ. ಬದುಕಿರುವ ನೇಕಾರರಿಂದ ನೇರವಾಗಿ ಕೊಳ್ಳುವುದು ನನ್ನ ಸಲಹೆ. ನ್ಯೂ ಮೆಕ್ಸಿಕೊದ ಕ್ರೌನ್‌ಪಾಯಿಂಟ್‌ನಲ್ಲಿ 1968ರಲ್ಲಿ ಆರಂಭವಾದ ಹರಾಜಿನ ಉದ್ದೇಶವೇ ಮಧ್ಯವರ್ತಿಯನ್ನು ಬಿಟ್ಟು ನೇಕಾರರಿಗೂ ಕೊಳ್ಳುವವರಿಗೂ ಮುಖಾಮುಖಿ ಮಾಡಿಸುವುದಾಗಿತ್ತು.

ಪ್ರಶ್ನೆ: ಬಂಧುಗಳು ಉಡುಗೊರೆಯಾಗಿ ಕೊಟ್ಟ ನವಾಹೊ ನೆಲಹಾಸೊಂದು ನಮ್ಮಲ್ಲಿದೆ. ಒಂದು ಮೂಲೆಯಲ್ಲಿ ಹುಳು ತಿಂದಿದೆ, ಅಂಚಿನ ದಾರ ಸವೆದಿದೆ. ಮನೆಯಲ್ಲೇ ತೊಳೆಯಬಹುದೇ?

ಉತ್ತರ: ದಯವಿಟ್ಟು ತೊಳೆಯಬೇಡಿ. ಕೆಂಪು ಬಣ್ಣ ಬಿಟ್ಟು ಬಿಳಿಯ ಭಾಗಕ್ಕೆ ಹರಡಿದರೆ ಮತ್ತೆ ತೆಗೆಯುವುದು ಬಹಳ ಕಷ್ಟ. ಬಟ್ಟೆ ತೊಳೆಯುವ ಯಂತ್ರದಲ್ಲಿ ಹಾಕಿದರಂತೂ ಉಣ್ಣೆ ಕುಗ್ಗಿ ಹಾಸು ಸೊಟ್ಟಗಾಗುತ್ತದೆ. ಕೊಡವುವುದು, ಕೋಲಿನಿಂದ ಬಡಿಯುವುದು ಕೂಡ ಹಳೆಯ ಎಳೆಗಳನ್ನು ಮುರಿಯುತ್ತದೆ. ತಿರುಗುವ ಕುಂಚವಿಲ್ಲದ ವ್ಯಾಕ್ಯೂಮ್ ಯಂತ್ರದಿಂದ ಎರಡೂ ಬದಿಯ ಧೂಳನ್ನು ಮೆಲ್ಲಗೆ ತೆಗೆಯುವುದೇ ಸಾಕು.

ಹುಳು ತಿಂದದ್ದೆಂದರೆ ಉಣ್ಣೆಯ ಪತಂಗದ ಮರಿಹುಳುಗಳ ಕೆಲಸ. ಕತ್ತಲೆಯಲ್ಲಿ ಯಾರೂ ಮುಟ್ಟದೆ ಇಟ್ಟ ಉಣ್ಣೆ ಅವಕ್ಕೆ ಪ್ರಿಯ. ಹಾಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಚೆನ್ನಾಗಿ ತಣ್ಣಗಾಗುವ ಫ್ರೀಜರ್‌ನಲ್ಲಿ ಒಂದೆರಡು ವಾರ ಇಟ್ಟರೆ ಅವು ಸಾಯುತ್ತವೆ. ಹೊರತೆಗೆದ ಮೇಲೆ ಚೀಲವನ್ನು ಒಡನೆಯೇ ಬಿಚ್ಚದೆ, ಹಾಸು ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು. ಇಲ್ಲದಿದ್ದರೆ ತೇವ ಕೂರುತ್ತದೆ. ಎತ್ತಿಡುವಾಗ ಮಡಿಸದೆ ಸುರುಳಿ ಸುತ್ತಿ. ನೆಲಕ್ಕೆ ಹಾಸುವುದಾದರೆ ಕೆಳಗೆ ಜಾರದ ಮೆತ್ತೆಯಿರಲಿ, ನೇರ ಬಿಸಿಲು ಬೀಳದಿರಲಿ, ಕೆಲವು ತಿಂಗಳಿಗೊಮ್ಮೆ ಹಾಸನ್ನು ತಿರುಗಿಸಿ ಹಾಕಿ. ಗೋಡೆಗೆ ತೂಗುಹಾಕಲು ಮೊಳೆ ಹೊಡೆಯಬೇಡಿ.

ಸವೆದ ಅಂಚಿನ ದಾರವನ್ನು ಅಂದಕ್ಕಾಗಿ ಕತ್ತರಿಸಿಬಿಡುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಕೈಬಿಡಿ. ಆ ಹುರಿದಾರವೇ ಹಾಸಿನ ಎಳೆಗಳನ್ನು ಹಿಡಿದಿಟ್ಟಿರುವುದು. ಅದು ಹೋದರೆ ಹೊಕ್ಕು ಸಾಲುಸಾಲಾಗಿ ಜಾರುತ್ತದೆ. ಬಿಡಿಯಾಗಿರುವ ಭಾಗವನ್ನು ಅದೇ ಬಣ್ಣದ ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿಟ್ಟು, ಉಣ್ಣೆಯ ಹಾಸುಗಳನ್ನು ರಿಪೇರಿ ಮಾಡಿ ಪಳಗಿದವರಿಗೆ ಒಪ್ಪಿಸಿ.